ಬೀಗ ಬಿದ್ದ ಮನೆಯ ಹಕ್ಕುದಾರರು ಯಾರು?

ನಿಮ್ಮ ಓಣಿಯಲ್ಲಿಯೂ ವರ್ಷಗಳಿಂದ ಬೀಗ ಬಿದ್ದಿರುವ ಮನೆಯೊಂದು ಇರಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಜನರು ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೋಗುವುದು ಹೊಸದೇನಲ್ಲ. ಹೋದವರಲ್ಲಿ ಕೆಲವರು ಮರಳುವುದಿಲ್ಲ. ಮಾಳಿಗೆಯ ಮಣ್ಣು ಕುಸಿಯುತ್ತದೆ, ಹಿತ್ತಲಲ್ಲಿ ಜಾಲಿ ಬೆಳೆಯುತ್ತದೆ, ನೆರೆಮನೆಯ ಗೋಡೆಗೆ ನೀರಿಳಿಯುತ್ತದೆ. ಅದೇ ಓಣಿಯಲ್ಲಿ ಒಂದು ಸಂಸಾರ ಬಾಡಿಗೆಗೆ ಸೂರು ಹುಡುಕುತ್ತಾ ಅಲೆಯುತ್ತಿರುತ್ತದೆ. ಇದು ಯಾರ ತಪ್ಪು?

ಬಡತನದ್ದು ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಆ ಮನೆಯ ಕಾಗದಗಳನ್ನು ಬಿಚ್ಚಿ ನೋಡಿ. ಅನೇಕ ಕಡೆ ಖಾತೆ ಇಂದಿಗೂ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಮಿನಂತೆ, ಜಮೀನಿನ ಮೇಲೆ ವಾರಸು ಹಕ್ಕು ಪಡೆದವರು 3 ತಿಂಗಳೊಳಗೆ ಅದನ್ನು ವರದಿ ಮಾಡಬೇಕು. ಆದರೂ ರಾಜ್ಯದಲ್ಲಿ ಲಕ್ಷಾಂತರ ಜಮೀನುಗಳು ಮೃತರ ಹೆಸರಿನಲ್ಲಿಯೇ ಉಳಿದುದರಿಂದ ಸರಕಾರವು 2025ರಲ್ಲಿ ಪೌತಿ ಖಾತೆಗಾಗಿ ಆಂದೋಲನವನ್ನೇ ನಡೆಸಬೇಕಾಯಿತು. ಪಟ್ಟಣದ ಮನೆಗಳ ಕಥೆಯೂ ಬೇರೆಯಲ್ಲ. ಸತ್ತವನು ಸಹಿ ಹಾಕಲಾರ. ಆದ್ದರಿಂದ ಆ ಮನೆಯನ್ನು ಮಾರುವಂತಿಲ್ಲ, ಅದರ ಮೇಲೆ ಸಾಲ ಸಿಗುವುದಿಲ್ಲ, ದುರಸ್ತಿಗೆ ಹಣ ಹಾಕಲು ಯಾರಿಗೂ ಧೈರ್ಯವಿಲ್ಲ.

ಖಾತೆ ಬದಲಾಗಲಿಲ್ಲವೇಕೆ? ಬದಲಾಯಿಸಲು ಹೊರಟರೆ ವಂಶವೃಕ್ಷ ಬರೆಸಬೇಕು. ಅದರಲ್ಲಿ ಸಹೋದರಿಯರ ಹೆಸರೂ ಬರುತ್ತದೆ! ಕುರ್‌ಆನ್ ನಿಗದಿಪಡಿಸಿದ ಪಾಲು ಮದುವೆಯ ಖರ್ಚಿನಲ್ಲಿಯೇ ತೀರಿತೆಂದು ಲೆಕ್ಕ ಹಾಕಿದ ಅಣ್ಣಂದಿರು, ಮನೆ ಬಿದ್ದರೂ ಸರಿಯೆ ಪಾಲು ಕೊಡುವುದು ಬೇಡವೆಂದು ಸುಮ್ಮನಿರುತ್ತಾರೆ. ಇಂತಹ ಎಷ್ಟೋ ಗೋಡೆಗಳನ್ನು ಕೆಡವಿದ್ದು ಮಳೆಯಲ್ಲ, ಈ ಮೌನ.

ಇನ್ನು, ಖಾಲಿ ಮನೆಯ ಬೀಗ ಒಡೆದು ಸೇರಿಕೊಂಡವನ ವಿಚಾರ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಪರರ ಖಾಸಗಿ ಆಸ್ತಿಯನ್ನು ಮಾಲಿಕನಿಗೆ ವಿರುದ್ಧವಾಗಿ, ಬಹಿರಂಗವಾಗಿ, ಸತತ 12 ವರ್ಷ ಸ್ವಾಧೀನದಲ್ಲಿಟ್ಟುಕೊಂಡರೆ ಮಾಲಿಕನ ಹಕ್ಕು ನಶಿಸುತ್ತದೆ. ಇದು ನಿಜವಾದ ಮಾಲಿಕನ ಪಾಲಿಗೆ ಅತಿ ಕಠೋರವೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬದಲಾವಣೆ ಬೇಡವೆಂದು 2023ರಲ್ಲಿ ಕಾನೂನು ಆಯೋಗ ವರದಿ ನೀಡಿತು. ವ್ಯಾಜ್ಯಗಳಿಗೆ ಎಲ್ಲಾದರೂ ಒಂದು ಕೊನೆ ಬೇಕೆಂಬುದು ಕಾನೂನಿನ ವಾದ, ಅದರಲ್ಲಿ ಅರ್ಥವೂ ಇದೆ. ಆದರೆ ಆತ್ಮಸಾಕ್ಷಿಗೂ 12 ವರ್ಷಗಳ ಗಡುವಿದೆಯೇ? ನಿರ್ಜೀವ ಭೂಮಿಗೆ ಜೀವ ತುಂಬಿದವನಿಗೆ ಅದರ ಹಕ್ಕು ಸಲ್ಲುತ್ತದೆಂದ ಪ್ರವಾದಿಯವರೇ(ಸ), ಪರರ ನೆಲದಲ್ಲಿ ಅಕ್ರಮವಾಗಿ ನೆಟ್ಟವನಿಗೆ ಯಾವ ಹಕ್ಕೂ ಇಲ್ಲವೆಂದು ತಿಳಿಸಿದ್ದಾರೆ. ಒಡೆಯನೇ ಇಲ್ಲದ ನೆಲ ಬೇರೆ, ಒಡೆಯ ದೂರದಲ್ಲಿರುವ ನೆಲ ಬೇರೆ.

ಆಡಳಿತಕ್ಕೂ ಈ ಮಾತು ಅನ್ವಯಿಸುತ್ತದೆ. ಅಮೆರಿಕದ ಮಿನ್ನೆಸೋಟಾದಲ್ಲಿ ವೃದ್ಧೆಯೊಬ್ಬರು ಬಿಟ್ಟುಹೋಗಿದ್ದ ಮನೆಯನ್ನು ಸುಮಾರು 15,000 ಡಾಲರ್ ತೆರಿಗೆ ಬಾಕಿಗಾಗಿ ಸ್ಥಳೀಯ ಆಡಳಿತವು ವಶಪಡಿಸಿಕೊಂಡು, 40,000 ಡಾಲರಿಗೆ ಮಾರಿ, ಹಣವನ್ನೆಲ್ಲ ತಾನೇ ಇಟ್ಟುಕೊಂಡಿತು. ಬಾಕಿಯನ್ನು ಮುರಿದುಕೊಳ್ಳಬಹುದು, ಮಿಕ್ಕಿದ್ದು ಆಕೆಯದೇ ಎಂದು 2023ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪಿತ್ತಿತು. ಪಾಳು ಮನೆಯನ್ನು ಊರಿನ ಉಪಯೋಗಕ್ಕೆ ತರುವುದು ಪುಣ್ಯಕಾರ್ಯವೇ. ಆದರೆ ಹಕ್ಕುದಾರನನ್ನು ತುಳಿದು ಮಾಡಿದ್ದು ಪುಣ್ಯವಾಗದು.

ಹಾಗಾದರೆ ದಾರಿ ಯಾವುದು? ಉಮ್ಮು ಸಲಮಾ(ರ) ವರದಿ ಮಾಡಿದ ಘಟನೆಯೊಂದನ್ನು ನೆನೆಯಿರಿ. ಹಳೆಯ ವಾರಸು ಆಸ್ತಿಯೊಂದರ ಬಗ್ಗೆ ಜಗಳವಾಡುತ್ತಾ ಇಬ್ಬರು ಪ್ರವಾದಿಯವರ(ಸ) ಬಳಿಗೆ ಬಂದರು. ಇಬ್ಬರಲ್ಲಿಯೂ ಸಾಕ್ಷ್ಯವಿರಲಿಲ್ಲ. ತಾನೂ ಮನುಷ್ಯನೇ, ಮಾತಿನ ಜಾಣ್ಮೆಯಿಂದ ಒಬ್ಬನು ತನ್ನ ಸಹೋದರನ ಹಕ್ಕನ್ನು ತನ್ನಿಂದ ಗೆದ್ದುಕೊಂಡರೆ ಅವನು ಒಯ್ಯುವುದು ಬೆಂಕಿಯ ತುಂಡನ್ನು ಎಂದು ಪ್ರವಾದಿಯವರು(ಸ) ಎಚ್ಚರಿಸಿದರು. ಇಬ್ಬರೂ ಅತ್ತರು. ನನ್ನ ಹಕ್ಕು ನಿನಗೇ ಇರಲಿ ಎಂದು ಇಬ್ಬರೂ ಹೇಳಿದರು. ಆಗ ಪ್ರವಾದಿಯವರು(ಸ) ಅವರಿಗೆ ನ್ಯಾಯವಾಗಿ ಹಂಚಿಕೊಂಡು, ಚೀಟಿ ಎತ್ತಿ, ಪರಸ್ಪರ ಕ್ಷಮಿಸಿಕೊಳ್ಳುವಂತೆ ಸೂಚಿಸಿದರು. ಗಮನಿಸಿ, ತ್ಯಾಗಕ್ಕೆ ಸಿದ್ಧರಾದವರಿಗೂ ಅವರು ಹಂಚಿಕೆಯನ್ನು ಬಿಡಲು ಹೇಳಲಿಲ್ಲ.

ಇಂದು ಈ ಕೆಲಸಕ್ಕೆ ಲೋಕ ಅದಾಲತ್ ಇದೆ. ಅಲ್ಲಿ ಒಪ್ಪಿಗೆಯಿಂದ ಆದ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ ಮಹಿಳೆಯರಿಗೆ ಉಚಿತ ವಕೀಲರ ನೆರವಿದೆ. ಇದನ್ನು ನಿಮ್ಮ ಸಹೋದರಿಗೆ ನೀವೇ ತಿಳಿಸುವಿರಾ, ಅಥವಾ ಆಕೆ ಬೇರೆಯವರಿಂದ ತಿಳಿಯಬೇಕೇ?

ಓದುಗ ಬಂಧುಗಳೇ, ನಿಮ್ಮ ಮನೆಯ ಟ್ರಂಕಿನಲ್ಲಿರುವ ಆ ಹಳೆಯ ಕಾಗದದ ಗಂಟನ್ನು ಇಂದೇ ಹೊರತೆಗೆಯಿರಿ. ಹಕ್ಕುದಾರರ ಹೆಸರುಗಳನ್ನು ಒಂದನ್ನೂ ಬಿಡದೆ ಬರೆಯಿರಿ. ದೂರದ ಊರಿನಲ್ಲಿರುವ ತಮ್ಮನಿಗೂ ತಂಗಿಗೂ ಕರೆ ಕಳುಹಿಸಿ. ಪಾಲು ತೀರಿದ ಮೇಲೆ ಆ ಮನೆಯಲ್ಲಿ ನೀವೇ ವಾಸಿಸಿ, ಬಾಡಿಗೆಗೆ ಕೊಡಿ, ಇಲ್ಲವೇ ಮಾರಿಬಿಡಿ. ಅಲ್ಲಿ ಮತ್ತೆ ಒಲೆ ಉರಿಯಲಿ. ಆಸ್ತಿ ನಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ಏನು ಮಾಡಿದೆವೆಂಬ ಪ್ರಶ್ನೆಗೆ, ಬೀಗ ಹಾಕಿಟ್ಟಿದ್ದೆ ಎಂಬುದು ಉತ್ತರವಾದೀತೇ?