ಗೋಡೆಯೊಳಗಿನ ನೀರು

ಕೂಡ್ಲಿಗಿ, ಕೊಟ್ಟೂರಿನ ಕೆಂಪು ನೆಲದ ಊರುಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಮಣ್ಣಿನ ಮಾಳಿಗೆ ಮನೆ ಉಳಿದಿದೆ. ಮೊಳದಷ್ಟು ದಪ್ಪ ಗೋಡೆ. ಸುಟ್ಟದ್ದಲ್ಲ, ಸಿಮೆಂಟು ಕಂಡದ್ದಲ್ಲ. ಹೊಲದಲ್ಲಿ ಕಾಲಿಗೆ ಪುಡಿಯಾಗುವ ಅದೇ ಮಣ್ಣು ಇಲ್ಲಿ ಎದ್ದು ನಿಂತದ್ದು ಹೇಗೆ?

ಜೇಡಿಯ ಅಂಟಿನಿಂದ ಎನ್ನುತ್ತೇವೆ. ಅದು ಅರ್ಧ ಮಾತ್ರ. ಒಣಗಿದಂತೆ ಕಾಣುವ ಗೋಡೆಯೊಳಗೂ ಕಣಕ್ಕೆ ಕಣ ತಾಗುವೆಡೆ ಒಂದಿಷ್ಟು ನೀರು ಅಡಗಿರುತ್ತದೆ. ಎರಡನ್ನೂ ಹತ್ತಿರಕ್ಕೆ ಎಳೆದುಕೊಂಡಿರುವುದು ಅದೇ. ಕಣಗಳ ನಡುವಿನ ಸಂದು ಕಿರಿದಾದಷ್ಟೂ ಆ ಎಳೆತ ಬಿಗಿ. ದಮ್ಮಸ್ಸಿನ ಗುಟ್ಟೂ ಇಷ್ಟೇ: ಬಡಿದಾಗ ಗಾಳಿ ಹೊರಬಿದ್ದು ಸಂದು ಕಿರಿದಾಗುತ್ತದೆ. ಹದ ನೋಡಲು ಯಂತ್ರ ಬೇಡ. ಹಿಡಿಯಲ್ಲಿ ಉಂಡೆ ಕಟ್ಟಿ ಎದೆಮಟ್ಟದಿಂದ ಬಿಟ್ಟರೆ ಅದು ನಾಲ್ಕಾರು ಹೋಳಾಗಬೇಕು. ಚಪ್ಪಟೆಯಾದರೆ ನೀರು ಹೆಚ್ಚಾಯಿತು, ಪುಡಿಯಾದರೆ ಸಾಲದಾಯಿತು. ಆದರೆ ನಮ್ಮ ಹಳೆಯ ಗೋಡೆಗಳು ಹೆಚ್ಚಾಗಿ ಹಲಗೆಯ ನಡುವೆ ಬಡಿದವಲ್ಲ, ತುಳಿದ ಕೆಸರನ್ನು ವರಸೆ ವರಸೆಯಾಗಿ ಏರಿಸಿ ಒಣಗಲು ಬಿಟ್ಟವು. ಹಡಗಲಿ, ಹಗರಿಬೊಮ್ಮನಹಳ್ಳಿಯ ಕಡೆ ಸಿಗುವ ಎರೆ ಇದಕ್ಕೆ ಒಗ್ಗದು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ಮಣ್ಣಿಗೆ ಚೂರು ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಗೆ ಶಾಸ್ತ್ರ ಬರೆಯಿತು. ದೊಡ್ಡ ಕೆಲಸವೇ. ನನ್ನನ್ನು ಬೆರಗಾಗಿಸುವುದು ಮಾತ್ರ ಮಾಳಿಗೆಯ ಮೇಲಿನ ಸವಳು. ಸೋಡಿಯಂ ತುಂಬಿದ ಈ ಮಣ್ಣು ಹೊಲಕ್ಕೆ ಶಾಪ: ನೆನೆದೊಡನೆ ಅದರ ಜೇಡಿ ಬಿಡಿಬಿಡಿಯಾಗಿ ರಂಧ್ರಗಳಿಗೆಲ್ಲ ಮೆತ್ತಿಕೊಳ್ಳುತ್ತದೆ, ಬೇರಿಗೆ ನೀರೂ ಇಳಿಯದು, ಗಾಳಿಯೂ ಆಡದು. ಬೆಳೆ ಸಾಯಿಸುವ ಈ ಗುಣವೇ ಸೂರನ್ನು ಸೋರದಂತೆ ಕಾಯುತ್ತದೆ. ಮಳೆ ಬಿದ್ದಷ್ಟೂ ಅದು ಬಿಗಿಯುತ್ತದೆ! ಬೆಳೆಯದ ನೆಲವನ್ನು ತಲೆಯ ಮೇಲೆ ಹೊತ್ತುಕೊಳ್ಳಬಹುದೆಂದು ಮೊದಲು ಯಾರಿಗೆ ಹೊಳೆಯಿತೋ.

ಇದೇ ಸೀಮೆಯ ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಮಣ್ಣಿಗೆ ಇದ್ಯಾವುದೂ ತಿಳಿಯದು. ಆದರೆ ಸವಳು ಹೊದಿಸಿ ಇಳಿಜಾರು ತಿದ್ದುವ ಕೈಗಳು ಕಡಿಮೆಯಾಗುತ್ತಿವೆ, ಆರ್‌ಸಿಸಿ ಬಂದ ಮೇಲೆ ಆ ಕೆಲಸಕ್ಕೆ ಕರೆಯುವವರೂ ಕಡಿಮೆ.

ನಿಮ್ಮದೊಂದು ಮಾಳಿಗೆ ಮನೆ ಉಳಿದಿದ್ದರೆ ಮುಂಗಾರಿಗೆ ಮೊದಲೇ ಮೇಲೊಂದು ಪದರ ಸವಳು ಹಾಕಿಸಿ. ಗೋಡೆಗೆ ಸಿಮೆಂಟಿನ ಪ್ಲಾಸ್ಟರ್ ಮಾತ್ರ ಬೇಡ. ಒಳಗಿನ ತೇವ ಹೊರಹೋಗಲಾರದೆ ಮಣ್ಣು ಒಳಗೊಳಗೇ ಸಡಿಲವಾಗುತ್ತದೆ.