ಚಿಲ್ಲರೆ ಕೆಲಸಗಳ ಸುಖ

ಮನುಷ್ಯನ ಪ್ರವೃತ್ತಿಗೆಲ್ಲ ಪ್ರಯೋಜನವೇ ಮೂಲವೆಂಬುದು ನಮ್ಮ ಶಾಸ್ತ್ರಕಾರರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ನ್ಯಾಯಸೂತ್ರವು ಎಣಿಸುವ 16 ಪದಾರ್ಥಗಳಲ್ಲಿ ಪ್ರಯೋಜನಕ್ಕೆ ನಾಲ್ಕನೆಯ ಸ್ಥಾನ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಪೂರ್ವಪಕ್ಷಿಯಂತೂ ಈ ನಿಯಮವನ್ನು ಈಶ್ವರನಿಗೇ ಅನ್ವಯಿಸಿ, ಆಪ್ತಕಾಮನಾದ ಅವನು ಸಾಧಿಸಬೇಕಾದುದು ಏನೂ ಉಳಿದಿರದಾಗ ಜಗತ್ತನ್ನೇಕೆ ಸೃಷ್ಟಿಸಿಯಾನೆಂದು ಕೇಳುತ್ತಾನೆ. ಸೂತ್ರಕಾರರು ಅದಕ್ಕೆ ಲೀಲೆಯೆಂದು ಉತ್ತರವಿತ್ತರು. ಬಯಸಿದ್ದೆಲ್ಲ ಕೈಗೂಡಿದ ಅರಸನೋ ಅಮಾತ್ಯನೋ ವಿಹಾರದಲ್ಲಿ ತೊಡಗುವ ದೃಷ್ಟಾಂತವನ್ನು ಶಂಕರರು ಭಾಷ್ಯದಲ್ಲಿ ಒದಗಿಸಿದರು. ಪ್ರಯೋಜನವುಳ್ಳದ್ದು ಲೀಲೆಯಲ್ಲ, ಲೀಲೆಯಾದುದಕ್ಕೆ ಪ್ರಯೋಜನವಿಲ್ಲ ಎಂಬ ವಿಭಾಗ ಹೀಗೆ ನೆಲೆನಿಂತಿತು. ಆದರೆ ಆಪ್ತಕಾಮರೂ ಅಲ್ಲದ, ಅರಸೊತ್ತಿಗೆಯೂ ಇಲ್ಲದ ಸಾಮಾನ್ಯ ಗೃಹಸ್ಥರ ಪಾಲಿಗೆ ಲೀಲೆಯೆಂಬುದೇ ಇಲ್ಲವೆ? ಉಂಟು, ಅದು ಪೇಟೆಯ ಚಿಲ್ಲರೆ ಕೆಲಸಗಳಲ್ಲಿದೆ ಎಂಬುದು ನನ್ನ ವಾದ.

ಮೈಸೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಿಂತುಹೋದ ಕೈಗಡಿಯಾರವೊಂದನ್ನು ಜೇಬಿನಲ್ಲಿಯೂ, ಉಂಗುಷ್ಠ ಕಿತ್ತ ಚಪ್ಪಲಿಯನ್ನು ಚೀಲದಲ್ಲಿಯೂ ಇರಿಸಿಕೊಂಡು, ಮನೆಯವರು ಬರೆದುಕೊಟ್ಟ ಚೀಟಿಯಲ್ಲಿ ಈರನಗೆರೆ ಬದನೆಕಾಯಿ, ವೀಳೆಯದೆಲೆ, ಕಾಫಿಪುಡಿ, ಎರಡು ಮೊಳ ಮಲ್ಲಿಗೆ ಎಂದಿರುವುದನ್ನು ಒಮ್ಮೆ ಓದಿಕೊಂಡು ಹೊರಟವನು, 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತಮಹೋತ್ಸವದ ನೆನಪಿಗಾಗಿ ಎದ್ದ ದೊಡ್ಡ ಗಡಿಯಾರದ ಕಡೆಯಿಂದ ಕೆ.ಆರ್. ವೃತ್ತವನ್ನು ಬಳಸಿ, ಡಫರಿನ್ ಪ್ರಭುವಿನ ಹೆಸರಿನ ಚಿಕ್ಕ ಗಡಿಯಾರದ ಚೌಕಕ್ಕೆ ಬಂದು, ದೇವರಾಜ ಮಾರುಕಟ್ಟೆಯೊಳಕ್ಕೆ ಕಾಲಿಡುವಷ್ಟರಲ್ಲಿ, ಎರಡು ಗಡಿಯಾರಗಳ ಕೆಳಗೆ ಹಾದುಬಂದರೂ ಗಂಟೆ ಎಷ್ಟಾಯಿತೆಂದು ನೋಡಿರುವುದಿಲ್ಲ. ಕುಂಕುಮದ ಗೋಪುರಗಳನ್ನೂ ಬಾಳೆಗೊನೆಯ ಸಾಲುಗಳನ್ನೂ ದಾಟಿದರೆ ಹೂವಿನ ಅಂಗಡಿಗಳು. ಅಲ್ಲಿಯ ಹೆಂಗಸು ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ ಮಲ್ಲಿಗೆಯ ಸರವನ್ನು ಎಳೆದು ಒಂದು, ಮತ್ತೆ ಎಳೆದು ಎರಡು ಎಂದು ಎಣಿಸಿ, ತುಂಡರಿಸುವ ಮುನ್ನ ಇನ್ನೂ ನಾಲ್ಕು ಬೆರಳಿನಷ್ಟನ್ನು ಮುಂದಕ್ಕೆ ಸರಿಸುತ್ತಾಳೆ; "ತಕ್ಕೊಳಿ ಸ್ವಾಮಿ" ಎಂದು ಬಾಳೆಯೆಲೆಯ ಚೂರಿನಲ್ಲಿ ಸುತ್ತಿಕೊಡುತ್ತಾಳೆ. ನಾನು ಕೇಳಿರಲಿಲ್ಲ, ಅವಳು ಹೇಳಲೂ ಇಲ್ಲ. ಆ ನಾಲ್ಕು ಬೆರಳು ಕೊಸರು.

ಪೇಟೆಯ ದಿನದ ಸುಖವೂ ಈ ಕೊಸರಿನ ಜಾತಿಯದೇ. ಎರಡು ಮೊಳ ಕೊಳ್ಳದೆ ಕೊಸರನ್ನಷ್ಟೇ ಕೊಡಮ್ಮ ಎಂದರೆ ಅವಳು ನಕ್ಕಾಳು. ಕೊಸರಿಗೂ ಕಾಸು ಕೊಡುತ್ತೇನೆಂದರೆ ಅದು ಕೊಸರಾಗಿ ಉಳಿಯದೆ ಅಳತೆಯೊಳಗೆ ಸೇರಿಹೋಗುತ್ತದೆ. ಕೊಂಡದ್ದನ್ನು ಆಶ್ರಯಿಸಿಯೇ ಇದ್ದು, ಕೊಂಡದ್ದರಲ್ಲಿ ಸೇರದೆ ಇರುವುದು ಅದರ ಲಕ್ಷಣ. ಸುಖವು ಚೆನ್ನಾಗಿ ನಡೆದ ಕ್ರಿಯೆಯ ಮೇಲೆ ತಾನಾಗಿ ಬಂದು ಕೂಡಿಕೊಳ್ಳುವ ಪೂರ್ಣತೆಯೆಂಬ ಅಭಿಪ್ರಾಯವನ್ನು ಅರಿಸ್ಟಾಟಲನು ತನ್ನ ನೀತಿಗ್ರಂಥದ ಹತ್ತನೆಯ ಭಾಗದಲ್ಲಿ ಪ್ರತಿಪಾದಿಸಿದ್ದಾನೆ. ಅವನಿಗಾದರೋ ಕ್ರಿಯೆಗಳಲ್ಲೆಲ್ಲ ಶ್ರೇಷ್ಠವಾದುದು ತತ್ತ್ವಚಿಂತನೆ. ಸಂತೆಯ ಕೆಲಸಗಳನ್ನು ದಾಸರು ನೋಡಿಕೊಳ್ಳುತ್ತಿದ್ದ ಕಾಲದ ಪಂಡಿತನಿಗೆ ಚೀಟಿ ಹಿಡಿದು ನಡೆಯುವವನ ಆನಂದವು ಗಣನೆಗೆ ಬಾರದೆ ಹೋದುದು ಆಶ್ಚರ್ಯವೇನಲ್ಲ.

ಹಾಗಿದ್ದರೆ ಚೀಟಿಯ ಹಂಗಾದರೂ ಏಕೆ, ಸುಮ್ಮನೆ ಅಲೆದಾಡಿದರೆ ಇನ್ನೂ ಶುದ್ಧವಾದ ಲೀಲೆಯಾಗದೆ ಎಂದು ಕೇಳಬಹುದು. ನನ್ನ ಅನುಭವದಲ್ಲಿ ಆಗುವುದಿಲ್ಲ. ಉದ್ದೇಶವಿಲ್ಲದೆ ಹೊರಟವನು ಪ್ರತಿಯೊಂದು ಅಡ್ಡರಸ್ತೆಯಲ್ಲಿಯೂ ಎತ್ತ ತಿರುಗಬೇಕೆಂದು ನಿಶ್ಚಯಿಸಬೇಕು. ಅದಕ್ಕಿಂತ ಹೆಚ್ಚಾಗಿ, ತನಗೆ ಸುಖವಾಗುತ್ತಿದೆಯೇ ಇಲ್ಲವೇ ಎಂದು ಒಳಗೊಳಗೇ ಪರೀಕ್ಷಿಸಿಕೊಳ್ಳುತ್ತ, ಆ ಪರೀಕ್ಷೆಯಿಂದಲೇ ಸುಖವನ್ನು ಕೆಡಿಸಿಕೊಳ್ಳುತ್ತಾನೆ. ಚೀಟಿ ಉಳ್ಳವನ ಸಂಕಲ್ಪಕ್ಕೆ ಮಾಡಲು ಕೆಲಸ ಸಿಕ್ಕಿರುವುದರಿಂದ ಅವನ ಕಣ್ಣು ಕಿವಿಗಳಿಗೆ ಬಿಡುವು ದೊರೆಯುತ್ತದೆ. ಬೇರೆ ಕೆಲಸಗಳಲ್ಲಿಯೂ ಸಂಕಲ್ಪಕ್ಕೆ ಉದ್ಯೋಗವಿರುತ್ತದಲ್ಲವೇ ಎಂದರೆ, ಇರುತ್ತದೆ. ಆದರೆ ಅಲ್ಲಿಯ ಫಲ ದೊಡ್ಡದು, ದೂರದ್ದು, ಸಂದಿಗ್ಧವಾದದ್ದು. ಆದಕಾರಣ ಅಲ್ಲಿ ಬಯಕೆ ಬೆಳೆದು ಆತಂಕವಾಗುತ್ತದೆ. ಬದನೆಕಾಯಿಯ ವಿಷಯದಲ್ಲಿ ಯಾರು ತಾನೆ ಆತಂಕಪಟ್ಟಾರು? ಅದು ಸಿಕ್ಕೇ ಸಿಗುತ್ತದೆ, ಸಿಗದಿದ್ದರೆ ಹೀರೆಕಾಯಿ ಇದೆ. ಫಲವು ಅಲ್ಪವೂ ಸಮೀಪವೂ ಬಹುಮಟ್ಟಿಗೆ ನಿಶ್ಚಿತವೂ ಆಗಿರುವುದರಿಂದ, ಹೊಸ್ತಿಲು ದಾಟುವಾಗಲೇ ಮನಸ್ಸು ಒಂದು ಸಣ್ಣ ಪ್ರಮಾಣದಲ್ಲಿ ಆಪ್ತಕಾಮವಾಗಿಬಿಟ್ಟಿರುತ್ತದೆ. ಲೀಲೆಗೆ ವಿರೋಧಿಯಾದುದು ಪ್ರಯೋಜನದ ಇರವಲ್ಲ, ಅದರ ಭಾರ.

ಈಗ ಫೋನಿನ ಮೇಲೆ ಬೆರಳಾಡಿಸಿದರೆ ಚೀಟಿಯ ಸಾಮಾನೆಲ್ಲ ಬಾಗಿಲಿಗೆ ಬರುತ್ತದೆ. ಮಂಡಿನೋವಿನವರಿಗೂ ಹಸುಗೂಸಿನ ತಾಯಂದಿರಿಗೂ ಅದೊಂದು ಉಪಕಾರವೇ ಆಗಿರುವುದರಿಂದ ನಾನು ನಿಂದಿಸಲಾರೆ. ಅಲ್ಲಿ ಅಳತೆ ಸರಿಯಾಗಿರುತ್ತದೆ. ಅದಕ್ಕೆ ಮೀರಿದ್ದು ಬರಲು ಎಡೆಯಿಲ್ಲ, ಅಷ್ಟೆ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಸಂತೇಪೇಟೆಯಲ್ಲಿ ಮೂಟೆ ಹೊರುವ ಹಮಾಲಿಯ ಫಲವೂ ಸಮೀಪದ್ದೇ, ಅಂದಂದಿನ ಕೂಲಿ; ಸಂಸಾರದ ಹತ್ತು ತಾಪತ್ರಯಗಳ ನಡುವೆ ದಿನವೂ ಇದೇ ಸಾಮಾನಿಗಾಗಿ ಓಡಬೇಕಾದ ಗೃಹಿಣಿಯ ಕೈಯಲ್ಲೂ ಇಂಥದೇ ಚೀಟಿ. ಅವರಿಗೆ ಇದು ಲೀಲೆಯೇ? ಅಲ್ಲ. ಹಮಾಲಿಗೆ ಒಂದು ಮೂಟೆ ತಪ್ಪಿದರೆ ರಾತ್ರಿಯ ಅಡುಗೆ ತಪ್ಪೀತು; ಗೃಹಿಣಿಗೆ ಅರ್ಧ ಗಂಟೆ ತಡವಾದರೆ ಶಾಲೆಯಿಂದ ಬಂದ ಮಗು ಬೀಗ ಹಾಕಿದ ಬಾಗಿಲ ಮುಂದೆ ಕಾದೀತು. ಫಲ ಹತ್ತಿರದ್ದಾದರೂ ಅದರ ಭಾರ ಅಲ್ಪವಲ್ಲ.

ಕೈಗಡಿಯಾರದ ಕೆಲಸದವನು ಒಂಟಿಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲೆಳೆಯಂಥ ಮೊಳೆಯೊಂದನ್ನು ಚಿಮುಟದಿಂದ ಎತ್ತಿ ಬಟ್ಟಲಿಗೆ ಹಾಕಿ, "ನಾಳೆ ಬನ್ನಿ, ಪಾರ್ಟು ತರಿಸಬೇಕು" ಎನ್ನುತ್ತಾನೆ. ಪ್ರಯೋಜನವೇ ಎಲ್ಲವೂ ಆಗಿದ್ದರೆ ನನ್ನ ನಡಿಗೆಯ ಅಷ್ಟು ಭಾಗ ವ್ಯರ್ಥವಾಗಬೇಕಾಗಿತ್ತು. ಆಗುವುದಿಲ್ಲ, ನಾಳೆಯೂ ಬರಬಹುದಲ್ಲ ಎಂದು ಮನಸ್ಸು ಗುಟ್ಟಾಗಿ ಹಿಗ್ಗುತ್ತದೆ. ಇದೇ "ನಾಳೆ ಬನ್ನಿ" ಎಂಬ ಮಾತನ್ನು ಯಾವುದೋ ಕಚೇರಿಯ ಕಿಂಡಿಯಿಂದ, ಹಳ್ಳಿಯಿಂದ ಬಸ್ಸಿನ ಖರ್ಚು ಹೊಂದಿಸಿಕೊಂಡು ವಿಧವಾವೇತನಕ್ಕಾಗಿ ಬಂದು ನಿಂತ ಮುದುಕಿಗೆ ಹೇಳಿದಾಗ, ಅಲ್ಲಿ ನಡೆಯುವುದು ಕ್ರೌರ್ಯ. ಅವಳ ಎದುರಿನಲ್ಲಿ ಲೀಲೆಯ ಮಾತೆತ್ತಲು ನನಗೆ ಬಾಯಿ ಬಾರದು. ಆದರೂ ಅವಳ ಅರ್ಜಿ ಮೊದಲ ಸಲಕ್ಕೇ ಮುಂದೆ ಸರಿದಿದ್ದರೆ, ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅವಳೂ ಬಳೆಯಂಗಡಿಯೊಂದನ್ನು ಹೊಕ್ಕು, ಕೊಳ್ಳುವುದು ಒಂದು ಡಜನ್ನಾದರೂ ಹತ್ತು ಬಗೆಯನ್ನು ಇಳಿಸಿ ತೋರಿಸೆಂದು ಅಂಗಡಿಯವನನ್ನು ಗೋಳುಹೊಯ್ದುಕೊಳ್ಳುತ್ತಿದ್ದಳು.