ಹೊತ್ತ ಲಾರಿ, ಹೇರಿದ ಮನೆ: ಒಂದೋ, ಎರಡೋ?

ಸ್ಲೈಡ್-ಇನ್ ಕ್ಯಾಂಪರ್ ಎಂದರೆ ಚಕ್ರವೂ ಎಂಜಿನ್ನೂ ಇಲ್ಲದ ಪುಟ್ಟ ಮನೆ. ಮಂಚ, ಒಲೆ, ನೀರಿನ ಟ್ಯಾಂಕು, ಸಣ್ಣದೊಂದು ಫ್ರಿಜ್ಜು, ಕೆಲವದರಲ್ಲಿ ಬಚ್ಚಲು ಕೂಡ ಇರುವ ಈ ಪೆಟ್ಟಿಗೆಯನ್ನು ಲಾರಿಯ ಬೆನ್ನಿಗೇರಿಸಿ ಕಟ್ಟಿಕೊಂಡು ಊರೂರು ಸುತ್ತಬಹುದು. ಬೇಡವಾದಾಗ ನಾಲ್ಕು ಮೂಲೆಯ ಜಾಕ್‌ಗಳ ಮೇಲೆ ನಿಲ್ಲಿಸಿ, ಲಾರಿಯನ್ನು ಅದರ ಕೆಳಗಿನಿಂದ ಹೊರಕ್ಕೆ ಓಡಿಸಿಕೊಳ್ಳಬಹುದು. ಅಮೆರಿಕದಲ್ಲಿ ಇದು ಹಳೆಯ ರೂಢಿ. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ ದೇಶ ನೋಡಲು ಹೊರಟದ್ದು ಜಿಎಂಸಿ ಪಿಕಪ್ ಒಂದರ ಮೇಲೆ ಕೂರಿಸಿದ ಇಂಥ ಮನೆಯಲ್ಲೇ. ಅದಕ್ಕೆ ಅವನು ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಿಟ್ಟ. ಲಾರಿಗೊಂದು, ಮನೆಗೊಂದು ಎಂದು ಎರಡು ಹೆಸರಿಡಲಿಲ್ಲ.

ಅಮೆರಿಕದ ಕೇಂದ್ರ ಸರ್ಕಾರದ ವಾಹನ ನಿಯಮಗಳು ಈ ವಸ್ತುವಿಗೆ ಒಂದು ಲಕ್ಷಣ ಹೇಳುತ್ತವೆ. ಸೂರು, ನೆಲ, ಪಕ್ಕದ ಗೋಡೆಗಳಿರಬೇಕು. ಟ್ರಕ್ಕಿನ ಸರಕಿನ ಜಾಗದ ಮೇಲೆ ಕೂರುವಂತಿರಬೇಕು. ಬಳಸುವವನೇ ಅದನ್ನು ಇಳಿಸಿಡುವಂತಿರಬೇಕು. ಕೊನೆಯ ಮಾತು ಗಮನಾರ್ಹ. ಬಿಡಿಸಲು ಬರುವುದು ಇಲ್ಲಿ ಕೊರತೆಯಾಗಿ ಬಂದಿಲ್ಲ, ಲಕ್ಷಣದ ಒಳಗೇ ಸೇರಿದೆ. ಹಾಗಾದರೆ ರಸ್ತೆಯ ಮೇಲೆ ಹೋಗುತ್ತಿರುವುದು ಒಂದು ವಸ್ತುವೋ, ಒಂದರ ಮೇಲೊಂದು ಕೂತ ಎರಡು ವಸ್ತುಗಳೋ? ಬಿಡಿಭಾಗಗಳು ಸೇರಿದಾಗ ಹೊಸದೊಂದು ಹುಟ್ಟುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಸಾವಿರ ವರ್ಷಕ್ಕೂ ಮಿಕ್ಕಿ ಚರ್ಚಿಸಿವೆ. ಬಟ್ಟೆ ಮತ್ತು ನೂಲು, ಮಡಕೆ ಮತ್ತು ಹೋಳು, ರಥ ಮತ್ತು ಗಾಲಿ ಅವುಗಳ ದೃಷ್ಟಾಂತಗಳು. ಕ್ಯಾಂಪರ್ ಹೊರುವುದಕ್ಕೆಂದೇ ಕಟ್ಟಿದ ಫ್ಲ್ಯಾಟ್‌ಬೆಡ್ ಲಾರಿ ಆ ಸಾಲಿಗೆ ಸೇರಲು ತಕ್ಕದ್ದು. ಏಕೆಂದರೆ ಅದನ್ನು ಕಟ್ಟುವವನು ಈ ಪ್ರಶ್ನೆಗೆ ಕಬ್ಬಿಣದಲ್ಲಿ ಉತ್ತರ ಕೊಡಲೇಬೇಕು.

ಫ್ಲ್ಯಾಟ್‌ಬೆಡ್ ಎಂದರೆ ಅಂಚುಗೋಡೆಗಳಿಲ್ಲದ ಚಪ್ಪಟೆ ಹಾಸು. ಪಿಕಪ್ಪಿನ ಮೂಲ ತೊಟ್ಟಿಯನ್ನು ಕಳಚಿ ಅದನ್ನು ಕೂರಿಸುವವರಿದ್ದಾರೆ. ಕ್ಯಾಬಿನ್ನಿನ ಹಿಂದೆ ಬರೀ ಚಾಸಿ ಇರುವ ಲಾರಿಯನ್ನೇ ಕೊಳ್ಳುವುದು ಇನ್ನೂ ಮೇಲು. ಅಂಥ ಲಾರಿಗಳಲ್ಲಿ ಚಾಸಿಯ ಎರಡು ತೊಲೆಗಳು ನೇರವಾಗಿ, ಸುಮಾರು 34 ಅಂಗುಲ ಅಂತರದಲ್ಲಿ ಇರುತ್ತವೆ. ಮೇಲೆ ಏನನ್ನು ಕಟ್ಟುವುದಕ್ಕೂ ಅನುಕೂಲ. ಮಾಮೂಲಿ ಕ್ಯಾಂಪರಿನ ಕೆಳಭಾಗ ಪಿಕಪ್ ತೊಟ್ಟಿಯ ಚಕ್ರದ ಉಬ್ಬುಗಳ ನಡುವೆ ತೂರುವಷ್ಟು ಕಿರಿದು. ಅದನ್ನು ಅಗಲವಾದ ಹಾಸಿನ ಮೇಲಿಟ್ಟಾಗ ಎರಡೂ ಬದಿಯಲ್ಲಿ ಜಾಗ ಉಳಿಯುತ್ತದೆ. ಅಲ್ಲಿ ಉಪಕರಣದ ಪೆಟ್ಟಿಗೆ, ಬ್ಯಾಟರಿ, ನೀರಿನ ಕ್ಯಾನು ಇಡಲು ಗೂಡು ಮಾಡುತ್ತಾರೆ. ಲಾಭವಿದ್ದಲ್ಲಿ ನಷ್ಟವೂ ಇದೆ. ಹಾಸು ಟೈರುಗಳ ಮೇಲಿಂದ ಹಾಯಬೇಕಾದ್ದರಿಂದ ತೊಟ್ಟಿಯ ನೆಲಕ್ಕಿಂತ ಎತ್ತರದಲ್ಲಿರುತ್ತದೆ. ಮನೆ ಮೇಲೇರಿದಷ್ಟೂ ತಿರುವಿನಲ್ಲಿ ವಾಲುವುದು ಹೆಚ್ಚು.

ನ್ಯಾಯ–ವೈಶೇಷಿಕರು ಎರಡು ಬಗೆಯ ಸೇರುವಿಕೆಯನ್ನು ಹೇಳುತ್ತಾರೆ. ಬೇರೆ ಬೇರೆ ಇರಬಲ್ಲ ಎರಡು ದ್ರವ್ಯಗಳು ತಾಗಿಕೊಂಡರೆ ಅದು ಸಂಯೋಗ. ಬೇರೆ ಇರಲಾರದ ಎರಡರ ಸಂಬಂಧ, ಅಂದರೆ ಹೂವು ಮತ್ತು ಅದರ ಬಣ್ಣ, ನೂಲು ಮತ್ತು ಬಟ್ಟೆ ಇವುಗಳದ್ದು, ಸಮವಾಯ. ಸಂಯೋಗ ಒಂದು ಗುಣ; ಬರುತ್ತದೆ, ಹೋಗುತ್ತದೆ. ಅದು ಹುಟ್ಟುವ ಬಗೆಯನ್ನೂ ಅವರು ವಿಂಗಡಿಸಿದ್ದಾರೆ. ಗಿಡುಗ ಬಂದು ಕಂಬದ ಮೇಲೆ ಕೂತರೆ ಚಲನೆ ಒಂದರದ್ದೇ. ಎರಡು ಟಗರು ಹಾಯ್ದರೆ ಎರಡರದ್ದೂ. ಕ್ಯಾಂಪರ್ ಏರಿಸುವ ಕೆಲಸ ಮೊದಲನೆಯ ಬಗೆಯದು. ಮನೆ ಜಾಕ್‌ಗಳ ಮೇಲೆ ಅಲ್ಲಾಡದೆ ನಿಂತಿರುತ್ತದೆ, ಲಾರಿ ರಿವರ್ಸಿನಲ್ಲಿ ಅದರ ಕೆಳಗೆ ತೂರುತ್ತದೆ, ಬಳಿಕ ಜಾಕ್ ಇಳಿಸಿ ಮನೆಯನ್ನು ಹಾಸಿಗೆ ತಾಗಿಸುತ್ತಾರೆ. ತಾಗುವ ಹೊತ್ತಿನ ಚಲನೆ ಮನೆಯದೊಂದೇ ಆದ್ದರಿಂದ ಗಿಡುಗನ ಪಾತ್ರ ಮನೆಯದು, ಕಂಬದ ಪಾತ್ರ ಲಾರಿಯದು.

ಎಲ್ಲ ಸಂಯೋಗವೂ ಹೊಸ ದ್ರವ್ಯವನ್ನು ಹುಟ್ಟಿಸುವುದಿಲ್ಲ ಎಂಬುದು ನೈಯಾಯಿಕರ ನಿಲುವು. ನೂಲುಗಳ ಸಂಯೋಗದಿಂದ ಬಟ್ಟೆಯೆಂಬ ಅವಯವಿ, ಅಂದರೆ ಭಾಗಗಳಿಂದಾದ ಇಡಿ ವಸ್ತು, ಹುಟ್ಟುತ್ತದೆ. ಮರಗಳು ಒತ್ತಾಗಿ ನಿಂತರೆ ಕಾಡೆಂಬ ಬೇರೊಂದು ದ್ರವ್ಯ ಹುಟ್ಟುವುದಿಲ್ಲ. ಮಡಕೆಯಂಥದು ಅಂತ್ಯಾವಯವಿ. ಅದು ಹೋಳುಗಳಿಂದ ಆಗಿದೆ, ಆದರೆ ತಾನು ಇನ್ನೊಂದು ದ್ರವ್ಯದ ಅವಯವವಾಗುವುದಿಲ್ಲ. ಲಾರಿಯನ್ನೂ ಕ್ಯಾಂಪರನ್ನೂ ಹೀಗೆ ಮುಗಿದ ವಸ್ತುಗಳೆಂದು ಒಪ್ಪಿದರೆ ತೀರ್ಪು ಸರಳ: ರಸ್ತೆಯ ಮೇಲಿರುವುದು ಎರಡು, ನಡುವೆ ಇರುವುದು ಸಂಯೋಗವೆಂಬ ಗುಣ ಮಾತ್ರ. ಬೌದ್ಧರು ಇನ್ನೂ ಮುಂದೆ ಹೋಗುತ್ತಾರೆ. ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನನು ದೊರೆ ಮಿಲಿಂದನನ್ನು, ನೀನು ಬಂದ ರಥ ಯಾವುದು, ಅಚ್ಚೋ ಗಾಲಿಯೋ ನೊಗವೋ ಎಂದು ಒಂದೊಂದಾಗಿ ಕೇಳಿ, ರಥವೆನ್ನುವುದು ಬಿಡಿಭಾಗಗಳನ್ನು ನೆಚ್ಚಿದ ಹೆಸರಷ್ಟೇ ಎಂಬಲ್ಲಿಗೆ ಮುಟ್ಟಿಸುತ್ತಾನೆ. ಬೌದ್ಧ ದಾರ್ಶನಿಕ ಚಂದ್ರಕೀರ್ತಿ ಅದೇ ರಥವನ್ನು ಏಳು ಬಗೆಯಲ್ಲಿ ಹುಡುಕಿ, ಭಾಗಗಳ ರಾಶಿಯೂ ಅವುಗಳ ಆಕಾರವೂ ರಥವಲ್ಲ ಎಂದ. ಅವರ ಪ್ರಕಾರ ಎರಡು ಎನ್ನುವುದೂ ಹೆಚ್ಚಾಯಿತು, ಲಾರಿಯೇ ಒಂದಲ್ಲ.

ಬೌದ್ಧರು ಎತ್ತಿದ ಆಕ್ಷೇಪಗಳಲ್ಲಿ ಒಂದು ತಕ್ಕಡಿಯದು. ಅವಯವಿ ಎಂಬುದು ಅವಯವಗಳಿಗಿಂತ ಬೇರೆಯಾದ ದ್ರವ್ಯವಾಗಿದ್ದರೆ, ನೂಲಿನ ತೂಕದ ಮೇಲೆ ಬಟ್ಟೆಯ ತೂಕವೂ ಸೇರಿ ತಕ್ಕಡಿ ಇನ್ನಷ್ಟು ಬಾಗಬೇಕಿತ್ತಲ್ಲ? ನೈಯಾಯಿಕರು ಇದಕ್ಕೆ ಹೇಳಿದ ಸಮಾಧಾನಗಳು ಅಷ್ಟೇನೂ ಸಮಾಧಾನ ಕೊಡುವುದಿಲ್ಲ. ಆದರೆ ಪ್ರಶ್ನೆಯನ್ನು ಅಮೆರಿಕದ ಹೆದ್ದಾರಿ ಬದಿಯ ವೇಬ್ರಿಜ್‌ಗೆ ಒಯ್ದರೆ ಬೇರೊಂದು ಸಂಗತಿ ಕಾಣುತ್ತದೆ. ಅಲ್ಲಿ ಒಟ್ಟು ತೂಕದ ಜೊತೆಗೆ ಒಂದೊಂದು ಆಕ್ಸಲ್ ಮೇಲಿನ ಭಾರವನ್ನೂ ಬೇರೆಯಾಗಿ ತೂಗುತ್ತಾರೆ. ನೀರು, ಗ್ಯಾಸು ತುಂಬಿದ 1,200 ಕಿಲೋ ಕ್ಯಾಂಪರ್, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 4 ಮೀಟರ್ ಇರುವ ಲಾರಿ ಎಂದಿಟ್ಟುಕೊಳ್ಳಿ. ಕ್ಯಾಂಪರಿನ ಗುರುತ್ವಕೇಂದ್ರ ಹಿಂದಿನ ಆಕ್ಸಲ್‌ಗಿಂತ 30 ಸೆಂಟಿಮೀಟರ್ ಮುಂದಿದ್ದರೆ ಮುಂದಿನ ಆಕ್ಸಲ್‌ಗೆ 90 ಕಿಲೋ, ಹಿಂದಿನದಕ್ಕೆ 1,110 ಕಿಲೋ ಬೀಳುತ್ತದೆ. ಅದೇ 30 ಸೆಂಟಿಮೀಟರ್ ಹಿಂದಕ್ಕಿದ್ದರೆ ಹಿಂದಿನ ಆಕ್ಸಲ್ 1,290 ಕಿಲೋ ಹೊರುತ್ತದೆ, ಮುಂದಿನದರಿಂದ 90 ಕಿಲೋ ಎದ್ದುಹೋಗುತ್ತದೆ. ಮುಂದಿನ ಚಕ್ರ ಹಗುರಾದ ಲಾರಿಗೆ ಸ್ಟೀರಿಂಗಿನ ಹಿಡಿತ ಕಡಿಮೆ. ಎರಡೂ ಸಲ ಒಟ್ಟು ತೂಕ ಒಂದೇ.

ಒಟ್ಟು ತೂಕದಲ್ಲಿ ಕಾಣದ ಕೂಡಿಕೆ ಹಂಚಿಕೆಯಲ್ಲಿ ಕಾಣುತ್ತದೆ ಎಂದಾಯಿತು. ಲಾರಿಗೂ ಅದರದ್ದೇ ಗುರುತ್ವಕೇಂದ್ರವಿದೆ, ಕ್ಯಾಂಪರಿಗೂ ಇದೆ. ಎರಡೂ ಸೇರಿದಾಗಿನ ಮೂರನೆಯ ಕೇಂದ್ರ ಎರಡರದ್ದೂ ಅಲ್ಲ. ಗಾಡಿ ತಿರುವಿನಲ್ಲಿ ಮಗುಚುತ್ತದೆಯೋ ನಿಲ್ಲುತ್ತದೆಯೋ ಎಂಬುದು ಈ ಮೂರನೆಯದರ ಮೇಲೆ ನಿಂತಿದೆ. ಬರೀ ಹೆಸರಿಗೆ ಮಗುಚುವ ಶಕ್ತಿ ಇರಲಾರದು. ಇಲ್ಲಿ ಬೌದ್ಧನ ವಾದ ಸ್ವಲ್ಪ ಎಡವುತ್ತದೆ. ನೈಯಾಯಿಕನಾದರೋ ಇದೂ ಸಂಯೋಗದ ಕಾರ್ಯವೇ, ಗುಣಕ್ಕೂ ಕಾರಣತ್ವ ಉಂಟು ಎಂದು ತಪ್ಪಿಸಿಕೊಳ್ಳಬಲ್ಲ. ತಪ್ಪಿಸಿಕೊಂಡರೂ, ಕಾಡನ್ನೂ ಬಟ್ಟೆಯನ್ನೂ ಬೇರ್ಪಡಿಸಲು ಅವನು ಎಳೆದ ಗೆರೆ ಮೊದಲಿನಷ್ಟು ದಪ್ಪವಾಗಿ ಉಳಿಯುವುದಿಲ್ಲ.

ಲಾರಿ ಕಟ್ಟುವವರಿಗೆ ನಿಜವಾಗಿ ತಲೆನೋವು ತರುವುದು ಚಾಸಿಯ ತಿರುಚು. ಲಾರಿಯ ಚಾಸಿ ಏಣಿಯ ಆಕಾರದ್ದು. ಒಂದು ಚಕ್ರ ದಿಣ್ಣೆ ಹತ್ತಿ ಎದುರು ಮೂಲೆಯದು ಗುಂಡಿಗಿಳಿದಾಗ ಅದು ತಿರುಚಿಕೊಳ್ಳುತ್ತದೆ, ಹಾಗೆ ತಿರುಚಲೆಂದೇ ಮಾಡಿದ್ದು. ಕ್ಯಾಂಪರ್ ತಿರುಚಲಾರದ ಬಿರುಸು ಪೆಟ್ಟಿಗೆ. ಹಾಸನ್ನು ಚಾಸಿಗೂ ಕ್ಯಾಂಪರನ್ನು ಹಾಸಿಗೂ ನಾಲ್ಕು ಮೂಲೆಯಲ್ಲಿ ಗಟ್ಟಿಯಾಗಿ ಬೋಲ್ಟ್ ಮಾಡಿದರೆ, ಕಚ್ಚಾ ರಸ್ತೆಯಲ್ಲಿ ಚಾಸಿಯ ತಿರುಚೆಲ್ಲ ಮೇಲಕ್ಕೆ ದಾಟಿ ಮನೆಯ ಮೂಲೆಗಳು ಬಿರಿಯುತ್ತವೆ, ಸಂದುಗಳಲ್ಲಿ ಮಳೆನೀರು ಸೋರುತ್ತದೆ. ಆದ್ದರಿಂದ ನಡುವೆ ಒಂದು ಉಪಚೌಕಟ್ಟು ಇಡುತ್ತಾರೆ. ಅದರ ಒಂದು ತುದಿ ಚಾಸಿಗೆ ಬಿಗಿಯಾಗಿ, ಇನ್ನೊಂದು ತುದಿ ಸ್ಪ್ರಿಂಗ್ ಹಾಕಿದ ಬೋಲ್ಟ್‌ಗಳ ಮೇಲೆ. ಚಾಸಿ ತಿರುಚಿದಾಗ ಆ ತುದಿ ಎದ್ದು ಮತ್ತೆ ಕೂರುತ್ತದೆ. ಜರ್ಮನಿಯ ಯೂನಿಮಾಗ್‌ನಂಥ ವಾಹನಗಳಲ್ಲಿ ಮೂರೇ ಬಿಂದುಗಳ ಆಧಾರ ಕೊಡುವುದುಂಟು. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುವುದರಿಂದ ಮೇಲಿನ ಪೆಟ್ಟಿಗೆಗೆ ತಿರುಚು ತಾಗುವುದಿಲ್ಲ. ಚಾಸಿಯ ತೊಲೆಗಳ ಮೇಲಂಚು ಕೆಳಂಚಿಗೆ ತೂತು ಕೊರೆಯಬೇಡಿ, ಬೆಸುಗೆ ಹಾಕಬೇಡಿ ಎಂದು ತಯಾರಕರ ಕೈಪಿಡಿಗಳು ಎಚ್ಚರಿಸುತ್ತವೆ. ಬೆಸೆದು ಒಂದಾಗಿಸುವುದು ಇಲ್ಲಿ ಒಡೆಯುವುದಕ್ಕೆ ದಾರಿ.

ದರ್ಶನಗಳಲ್ಲಿ ಸಾಮಾನ್ಯವಾಗಿ ಸಮವಾಯವನ್ನು ಗಟ್ಟಿ ಸಂಬಂಧವೆಂದೂ ಸಂಯೋಗವನ್ನು ಮೇಲುಮೇಲಿನದೆಂದೂ ಕಾಣುವ ಒಲವಿದೆ. ಬಿಗಿ ಹೆಚ್ಚಿದಷ್ಟೂ ಐಕ್ಯ ಹೆಚ್ಚು ಎಂಬ ಊಹೆ ಅದರ ಹಿಂದಿದೆ. ಫ್ಲ್ಯಾಟ್‌ಬೆಡ್‌ನ ಕೆಲಸ ಈ ಊಹೆಗೆ ಎದುರು ಸಾಕ್ಷಿ. ಸಡಿಲ ಉಳಿಸಿದ್ದರಿಂದಲೇ ಎರಡೂ ಮೈಲಿಗಟ್ಟಲೆ ಜೊತೆಯಾಗಿ ಹೋಗುತ್ತವೆ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಸಮವಾಯಕ್ಕೆ ಹಾಕಿದ ಪ್ರಶ್ನೆಯೂ ಇಲ್ಲಿ ಬೇರೆ ರೂಪದಲ್ಲಿ ಎದುರಾಗುತ್ತದೆ. ಎರಡನ್ನು ಕೂಡಿಸಲು ಸಮವಾಯ ಬೇಕಾದರೆ, ಸಮವಾಯವನ್ನು ಆ ಎರಡಕ್ಕೆ ಕೂಡಿಸಲು ಇನ್ನೊಂದು ಬೇಕು, ಅದಕ್ಕೆ ಮತ್ತೊಂದು; ಇದು ಅನವಸ್ಥೆ. ಕಟ್ಟುವವನೂ ಮನೆಯನ್ನು ಹಾಸಿಗೆ ಕೂಡಿಸುತ್ತಾನೆ, ಹಾಸನ್ನು ಉಪಚೌಕಟ್ಟಿಗೆ, ಉಪಚೌಕಟ್ಟನ್ನು ಚಾಸಿಗೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜದಂತೆ ನಡುವೆ ಮರದ ಪಟ್ಟಿಯನ್ನೂ ಇಡುವವರುಂಟು. ಅವನ ಸರಪಳಿ ಎಲ್ಲೋ ಒಂದು ಕಡೆ ನಿಲ್ಲುತ್ತದೆ, ನಿಲ್ಲುವುದು ಬರೀ ತಾಗುವಿಕೆಯಲ್ಲಿ: ಭಾರ ಒತ್ತುತ್ತದೆ, ಘರ್ಷಣೆ ಹಿಡಿಯುತ್ತದೆ, ಟರ್ನ್‌ಬಕಲ್ ಎಂಬ ಬಿಗಿತಿರುಪು ಜಾರದಂತೆ ಕಾಯುತ್ತದೆ. ಶಂಕರರ ತರ್ಕಕ್ಕೆ ಇದು ಉತ್ತರವಲ್ಲ, ಅವರಿಗೆ ಸಂಯೋಗವೂ ಅಷ್ಟೇ ಅನುಮಾನದ ವಸ್ತು. ಆದರೂ ಅನವಸ್ಥೆ ಮುಗಿದದ್ದು ಹೆಚ್ಚು ಗಟ್ಟಿಯಾದ ಸಂಬಂಧದಲ್ಲಲ್ಲ, ಅತ್ಯಂತ ಸಡಿಲವಾದದ್ದರಲ್ಲಿ.

ಉಡುಪಿಯ ಮಧ್ವಾಚಾರ್ಯರ ಪರಂಪರೆ ಸಮವಾಯವನ್ನು ತಳ್ಳಿಹಾಕಿತು, ಹಾಗೆಂದು ಬೌದ್ಧರ ಕಡೆಗೂ ವಾಲಲಿಲ್ಲ. ದ್ರವ್ಯ ಇರುವವರೆಗೂ ಇರುವ ಧರ್ಮಗಳು ಅದರಿಂದ ಅಭಿನ್ನ, ವ್ಯವಹಾರದ ಭೇದಕ್ಕೆ 'ವಿಶೇಷ' ಸಾಕು. ದ್ರವ್ಯ ಉಳಿದಿರುವಾಗಲೇ ಹೋಗಿಬಿಡುವ ಧರ್ಮಗಳು ಭಿನ್ನಾಭಿನ್ನ, ಅಂದರೆ ಬೇರೆಯೂ ಹೌದು, ಬೇರೆಯಲ್ಲದ್ದೂ ಹೌದು ಎಂಬುದು ಆ ಮತ. ದ್ವೈತಿಗಳು ಹೇಳುವ ಹತ್ತು ಪದಾರ್ಥಗಳಲ್ಲಿ 'ವಿಶಿಷ್ಟ' ಎಂಬುದೂ ಒಂದು. ದಂಡ ಹಿಡಿದ ಮನುಷ್ಯ ಬರೀ ಮನುಷ್ಯನೂ ಅಲ್ಲ, ಮನುಷ್ಯ ಮತ್ತು ದಂಡ ಎಂಬ ಜೋಡಿಯೂ ಅಲ್ಲ, ದಂಡವಿಶಿಷ್ಟ. ದಂಡ ಕೆಳಗಿಟ್ಟರೆ ಮನುಷ್ಯ ಉಳಿಯುತ್ತಾನೆ, ವಿಶಿಷ್ಟ ಹೋಗುತ್ತದೆ. ಕ್ಯಾಂಪರ್ ಹೊತ್ತ ಲಾರಿಗೆ ಇಷ್ಟು ಒಪ್ಪುವ ಉತ್ತರ ಬೇರೆ ದರ್ಶನಗಳಲ್ಲಿ ಸಿಗುವುದು ಕಷ್ಟ. ಇಂತಿಷ್ಟು ಭಾರ ಹೊರಬಲ್ಲೆ ಎಂಬ ಅಳವು, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುವುದು, ಲಾರಿಯಿರುವವರೆಗೂ ಲಾರಿಯದು. ಮಳೆ ಚಳಿ ತಡೆಯುವುದು ಕ್ಯಾಂಪರಿನದು. ಚಲಿಸುವ ಮನೆ ಎಂಬುದು ವಿಶಿಷ್ಟದ್ದು. ಜಾಕ್ ಇಳಿದಾಗ ಹುಟ್ಟಿ, ಜಾಕ್ ಏರಿದಾಗ ಇಲ್ಲವಾಗುತ್ತದೆ. ಎರಡು ದ್ರವ್ಯಗಳಲ್ಲಿ ಒಂದೂ ಕೆಟ್ಟಿರುವುದಿಲ್ಲ, ಹೋದದ್ದು ಮಾತ್ರ ನಿಜವಾಗಿ ಇದ್ದದ್ದೇ.

ಚಲಿಸುವ ಮನೆ ಎಂದೊಡನೆ ಕನ್ನಡ ಓದುಗರಿಗೆ ಶರಣರ ಸ್ಥಾವರ–ಜಂಗಮಗಳು ನೆನಪಾಗುವುದು ಸಹಜ. ಹೋಲಿಕೆ ನಿಲ್ಲುವುದಿಲ್ಲ. ಶರಣರ ಜಂಗಮ ಅರಿವುಳ್ಳ, ತಾನೇ ನಡೆಯುವ ಚೇತನ. ಕ್ಯಾಂಪರ್ ಡೀಸೆಲ್ ಉರಿಸಿ ಹೊತ್ತೊಯ್ಯುವ ಸ್ಥಾವರ. ಪರಿವ್ರಾಜಕರ ಅನಿಕೇತ ವ್ರತಕ್ಕೂ ಇದಕ್ಕೂ ನಂಟು ಕಟ್ಟುವುದು ಕಷ್ಟ. ಅವರು ಮನೆ ಬಿಟ್ಟರು, ಕ್ಯಾಂಪರಿನವರು ಬಿಡದೆ ಹೊತ್ತರು. ಸಾಮಾನಿಗೆ ಮಿತಿ ಹಾಕುವುದೂ ಇಲ್ಲಿ ವ್ರತವಲ್ಲ, ಆಕ್ಸಲ್.

ಒಂದೋ ಎರಡೋ ಎಂಬುದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಅಮೆರಿಕದ ಸಂವಿಧಾನದ ನಾಲ್ಕನೆಯ ತಿದ್ದುಪಡಿ ಮನೆಯನ್ನು ಅಕಾರಣ ಶೋಧದಿಂದ ಕಾಪಾಡುತ್ತದೆ. ವಾಹನವನ್ನು ಮಾತ್ರ ಸಾಕಷ್ಟು ಕಾರಣವಿದ್ದರೆ ವಾರಂಟ್ ಇಲ್ಲದೆಯೂ ಶೋಧಿಸಬಹುದು. ಎರಡೂ ಆಗಿರುವುದಕ್ಕೆ ಯಾವ ನಿಯಮ? ಸ್ಯಾನ್ ಡಿಯಾಗೊ ನಗರದಲ್ಲಿ ನಿಲ್ಲಿಸಿದ್ದ ಡಾಡ್ಜ್ ಮೋಟಾರ್ ಹೋಮ್ ಒಂದರ ಶೋಧದಿಂದ ಎದ್ದ 'ಕ್ಯಾಲಿಫೋರ್ನಿಯಾ ವಿರುದ್ಧ ಕಾರ್ನಿ' ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1985ರಲ್ಲಿ, ಕೂಡಲೇ ಓಡಿಸಲು ಬರುವಂತಿದ್ದರೆ ಅದು ವಾಹನವೇ ಎಂದು ಆರು–ಮೂರರ ಬಹುಮತದಿಂದ ತೀರ್ಮಾನಿಸಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀವನ್ಸ್, ವಾಸಕ್ಕೆಂದೇ ಮಾಡಿದ ಒಳಾಂಗಣಕ್ಕೆ ಹೆಚ್ಚಿನ ಖಾಸಗಿತನ ಸಲ್ಲಬೇಕೆಂದರು. ಬಹುಮತದ ತೀರ್ಪು ಅಡಿಟಿಪ್ಪಣಿಯಲ್ಲಿ ಒಂದು ಸಂಗತಿಯನ್ನು ತೀರ್ಮಾನಿಸದೆ ಬಿಟ್ಟಿದೆ: ವಾಸದ ಮನೆಯಾಗಿಯೇ ಬಳಕೆಯಲ್ಲಿದೆ ಎಂದು ಹೊರನೋಟಕ್ಕೇ ತಿಳಿಯುವಂತೆ ನಿಂತಿರುವ ಮೋಟಾರ್ ಹೋಮ್. ಅದರ ಗುರುತುಗಳೆಂದು ನಿಂತ ಜಾಗ, ಕೆಳಗೆ ದಿಮ್ಮಿ ಕೊಟ್ಟು ಎತ್ತಿರುವುದು, ಲೈಸೆನ್ಸು, ನೀರು–ವಿದ್ಯುತ್ತಿನಂಥ ಸಂಪರ್ಕ, ರಸ್ತೆಗಿಳಿಯಲು ಇರುವ ಅನುಕೂಲ ಇವನ್ನು ಹೆಸರಿಸಿದೆ.

ಜಾಕ್‌ಗಳ ಮೇಲೆ ಇಳಿಸಿಟ್ಟ ಸ್ಲೈಡ್-ಇನ್ ಕ್ಯಾಂಪರ್‌ಗೆ ಈ ಗುರುತುಗಳಲ್ಲಿ ಹಲವು ಒಪ್ಪುತ್ತವೆ, ತಾನಾಗಿ ಚಲಿಸಲಂತೂ ಅದಕ್ಕೆ ಬರುವುದೇ ಇಲ್ಲ. ಅದೇ ಹೊತ್ತಿಗೆ ಲಾರಿ ಪಕ್ಕದ ಊರಿನಲ್ಲಿ ತನ್ನ ಖಾಲಿ ಹಾಸಿನ ಮೇಲೆ ಸೌದೆ ಹೇರಿಕೊಳ್ಳುತ್ತಿದ್ದರೆ, ಅದಕ್ಕೆ ವಾಹನದ ನಿಯಮ, ಇದಕ್ಕೆ ಮನೆಯ ನಿಯಮ ಎಂದು ವಾದಿಸಲು ಒಳ್ಳೆಯ ಆಧಾರವಿದೆ. ಲಾರಿ ಮರಳಿ ಬಂದು ಕ್ಯಾಂಪರನ್ನು ಹೊತ್ತು ರಸ್ತೆಗಿಳಿದ ಮೇಲೆ ಆ ವಾದಕ್ಕೆ ಬಲವಿರುವುದಿಲ್ಲ.